ಬಿ.ಎಚ್. ರಸ್ತೆ ದಾಟಲು ಮೇಲ್ಸೇತುವೆ ಬೇಕು, ದುಡ್ಡು ಎಲ್ಲಿಂದ ಬರುತ್ತೆ?

ಬಟವಾಡಿ ಅಮ್ಮ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ತುಮಕೂರಿನ ಬಟವಾಡಿ ಕಡೆ. ಮಗಳು ಎರಡನೇ ಪಿಯುಸಿ. ದಿನಾ ಬೆಳಗ್ಗೆ ಎಂಟೂಕಾಲಿಗೆ ಬಿ.ಎಚ್. ರಸ್ತೆ ದಾಟಿ ಆಚೆ ಕಡೆ ಬಸ್ ಹಿಡಿಯಬೇಕು. ನಾನೇ ಕೈ ಹಿಡಿದು ದಾಟಿಸ್ತೀನಿ. ಹದಿನೇಳು ವರ್ಷದ ಹುಡುಗಿ, ನಾಚಿಕೆ ಆಗುತ್ತೆ ಅವಳಿಗೆ, ಆದರೂ ಕೈ ಬಿಡಿಸಿಕೊಳ್ಳಲ್ಲ. ಹೋದ ತಿಂಗಳು ನಮ್ಮ ಬೀದಿಗೆ ಹಾಲು ಹಾಕುವ ಅಜ್ಜನಿಗೆ ಬೈಕ್ ಗುದ್ದಿ ತೊಡೆ ಮೂಳೆ ಮುರಿಯಿತು.

ಅದಾದ ಮೇಲೆ ಬೀದಿ ಹೆಂಗಸರೆಲ್ಲ ಸೇರಿ ಪಾದಚಾರಿ ಮೇಲ್ಸೇತುವೆ ಕೇಳಿ ಅರ್ಜಿ ಬರೆದು 112 ಸಹಿ ಹಾಕಿಸಿದೆವು. ಒಂದು ಕಚೇರಿಯಲ್ಲಿ ‘ಈ ರಸ್ತೆ ನಮ್ಮದಲ್ಲ’ ಅಂದರು. ಅವರು ತೋರಿಸಿದ ಇನ್ನೊಂದು ಕಚೇರಿಯಲ್ಲಿ ‘ಅನುದಾನ ಇಲ್ಲ’ ಅಂದರು. ಪ್ರತಿ ಏಪ್ರಿಲ್‌ನಲ್ಲೇ ಮನೆ ಕಂದಾಯ ಕಟ್ಟಿ ಶೇ 5 ರಿಯಾಯಿತಿ ತಗೊಳ್ಳೋರು ನಾವು. ಅಷ್ಟೂ ಜನರ ಕಂದಾಯದಲ್ಲಿ ಒಂದು ಸೇತುವೆ ಆಗಲ್ವಾ? ಸ್ಮಾರ್ಟ್ ಸಿಟಿ ದುಡ್ಡು ಏನಾಯ್ತು? ಮುಂದೆ ಯಾರ ಬಾಗಿಲಿಗೆ ಹೋಗಬೇಕು, ಗೊತ್ತಿರೋರು ಹೇಳಿ.

ನಿವೃತ್ತ ಜೆಇ:

ಅಮ್ಮ, ಬೇರೆ ಬೇರೆ ಊರಿನ ನಗರಸಭೆಗಳಲ್ಲಿ ಜೂನಿಯರ್ ಎಂಜಿನಿಯರ್ ಆಗಿ 26 ವರ್ಷ ಅಂದಾಜುಪಟ್ಟಿ ಬರೆದವನು ನಾನು. ‘ಈ ರಸ್ತೆ ನಮ್ಮದಲ್ಲ’ ಅಂತ ನಾನೂ ಎಷ್ಟೋ ಜನರನ್ನ ವಾಪಸು ಕಳಿಸಿದೀನಿ. ಯಾರದ್ದು ಅಂತ ಬರೆದುಕೊಡದೆ ಕಳಿಸಿದ್ದು ತಪ್ಪು ಅಂತ ಈಗ ಅನ್ನಿಸುತ್ತೆ. ಹಾಗಾಗಿ ಇದನ್ನ ಪೂರ್ತಿ ಬರೀತೀನಿ.

ರಸ್ತೆ ಯಾರದ್ದೋ ದುಡ್ಡೂ ಅವರದ್ದು. ಕಸ ಗುಡಿಸೋರು, ದೀಪ ಹಾಕೋರು ಪಾಲಿಕೆಯವರೇ ಇರಬಹುದು, ಆದರೆ ಹೆದ್ದಾರಿ ಅಂತ ಘೋಷಣೆಯಾದ ರಸ್ತೆ ಮೇಲೆ ಅವರು ಒಂದು ಕಂಬ ನೆಡಬೇಕಾದರೂ ಹೆದ್ದಾರಿಯವರ ಒಪ್ಪಿಗೆ ಬೇಕು. ಅದಕ್ಕೆ ಮೊದಲು ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದದ ಒಳಗೆ. ‘ಇಂಥ ಕಡೆಯಿಂದ ಇಂಥ ಕಡೆವರೆಗೆ ಬಿ.ಎಚ್. ರಸ್ತೆ ನಿರ್ವಹಣೆ ಯಾವ ಇಲಾಖೆಯದು?’ ಅಷ್ಟು ಸಾಕು. 30 ದಿನದಲ್ಲಿ ಉತ್ತರ ಬರಬೇಕು. ಆ ಕಾಗದ ಕೈಲಿದ್ದರೆ ನಿಮ್ಮನ್ನ ಯಾರೂ ಅಲೆಸೋಕೆ ಆಗಲ್ಲ.

ಕಂದಾಯದ ಮಾತಿಗೆ ಬರ್ತೀನಿ. ಅದು ಪಾಲಿಕೆಯ ಸ್ವಂತ ನಿಧಿ. ಅದರಲ್ಲಿ ಶೇ 24.10 ಪರಿಶಿಷ್ಟರಿಗೆ, 7.25 ಇತರ ಬಡವರಿಗೆ, 5 ಅಂಗವಿಕಲರಿಗೆ ಅಂತ ತೆಗೆದಿಡಬೇಕು. ಅದು ಸರಿಯಾದದ್ದೇ. ಮಿಕ್ಕಿದ್ದರಲ್ಲಿ ಬೀದಿದೀಪದ ಕರೆಂಟ್ ಬಿಲ್, ಕಸದ ಗಾಡಿ ಡೀಸೆಲ್, ನೀರಿನ ಮೋಟಾರ್ ರಿಪೇರಿ. ಕೊನೆಗೆ ಉಳಿಯೋದರಲ್ಲಿ ಗುಂಡಿ ಮುಚ್ಚಬಹುದು, ಸ್ಲ್ಯಾಬ್ ಹಾಕಬಹುದು. ಕೇಂದ್ರದ 15ನೇ ಹಣಕಾಸು ಆಯೋಗದ ಅನುದಾನ ಬರ್ತಿತ್ತಲ್ಲ, ತುಮಕೂರಿನಂಥ ಊರಿಗೆ ಅದರಲ್ಲಿ ಶೇ 60 ಕುಡಿಯೋ ನೀರಿಗೂ ನೈರ್ಮಲ್ಯಕ್ಕೂ ಕಟ್ಟಿಹಾಕಿದ ದುಡ್ಡು. ರಸ್ತೆಗೆ ಮುಟ್ಟಬಹುದಾದ್ದು ಮಿಕ್ಕ 40ರಲ್ಲಿ ಮಾತ್ರ. ದೊಡ್ಡ ರಸ್ತೆ ಕೆಲಸ ಬಹುಪಾಲು ನಗರೋತ್ಥಾನದಂಥ ರಾಜ್ಯದ ಯೋಜನೆಯಲ್ಲೇ ಆಗೋದು.

ಸ್ಮಾರ್ಟ್ ಸಿಟಿಗೆ ನಮ್ಮೂರು ಆಯ್ಕೆಯಾಗಿದ್ದು 2016ರಲ್ಲಿ. ಕೇಂದ್ರದ್ದು 500 ಕೋಟಿವರೆಗೆ, ಅಷ್ಟೇ ಪಾಲು ರಾಜ್ಯದ ಕಡೆಯಿಂದ. 2025ರ ಮಾರ್ಚ್ 31ಕ್ಕೆ ಆ ಯೋಜನೆಯೇ ಮುಗೀತು. ಅದನ್ನ ಮರೆತುಬಿಡಿ.

ನಿಮ್ಮ ಜಾಗ ರಾಷ್ಟ್ರೀಯ ಹೆದ್ದಾರಿ ಅಂತ ಉತ್ತರ ಬಂದರೆ ಬೇಜಾರಾಗಬೇಡಿ, ದುಡ್ಡಿನ ಮಟ್ಟಿಗೆ ಅದೇ ಒಳ್ಳೇದು. 500 ಮೀಟರ್ ಉದ್ದದಲ್ಲಿ ಮೂರು ವರ್ಷದಲ್ಲಿ ಸಾವು ಇಲ್ಲವೇ ತೀವ್ರ ಗಾಯದ 5 ಅಪಘಾತ, ಅಥವಾ 10 ಸಾವು ಆಗಿದ್ದರೆ ಅದು ಬ್ಲ್ಯಾಕ್ ಸ್ಪಾಟ್. ಅಂಥ ಜಾಗ ಸರಿಮಾಡೋಕೆ ಕೇಂದ್ರದಿಂದಲೇ ಹಣ ಕೇಳಬಹುದು. ಸಂಚಾರ ಠಾಣೆಯ ಲೆಕ್ಕದಲ್ಲಿ ಹಾಲಿನ ಅಜ್ಜನ ಅಪಘಾತ ಸೇರಿದೆಯಾ ನೋಡಿ. ದೂರು ಕೊಡದೆ ಆಸ್ಪತ್ರೆಗೆ ಹೋಗಿ ಬಂದಿದ್ದರೆ ಆ ಲೆಕ್ಕದಲ್ಲಿ ಅವರು ಬಿದ್ದೇ ಇಲ್ಲ ಅಂತ ಆಗುತ್ತೆ.

ಹೆದ್ದಾರಿ ಅಲ್ಲ ಅಂತ ಬಂದರೆ ಶಾಸಕರ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದು 5 ಕೋಟಿ. ಅಷ್ಟರಲ್ಲೇ ಇಡೀ ಕ್ಷೇತ್ರ ನೋಡಬೇಕು, ಶಾಲೆ ಕೊಠಡಿ, ಸಮುದಾಯ ಭವನ ಎಲ್ಲ ಸೇರಿ.

ಇನ್ನೊಂದು ದಾರಿ ಬೆಂಗಳೂರಿನದು. ಅಲ್ಲಿ ಎಷ್ಟೋ ಸ್ಕೈವಾಕ್‌ಗಳನ್ನ ಖಾಸಗಿಯವರು ತಮ್ಮ ದುಡ್ಡಲ್ಲಿ ಕಟ್ಟಿ, ಮೇಲೆ ಜಾಹೀರಾತು ಹಾಕಿ ದುಡ್ಡು ವಾಪಸು ತೆಗೀತಾರೆ. ಸರ್ಕಾರಕ್ಕೆ ಖರ್ಚಿಲ್ಲ. ಆದರೆ ಸೇತುವೆ ಏಳೋದು ಜಾಹೀರಾತು ಚೆನ್ನಾಗಿ ಕಾಣೋ ಕಡೆ, ಜನ ದಾಟೋ ಕಡೆ ಅಲ್ಲ. ಇದು ನನಗೆ ಮನಸ್ಸಿಗೆ ಒಗ್ಗದ ಪದ್ಧತಿ.

ಎಂ.ಜಿ. ರಸ್ತೆ ಅಂಗಡಿ:

ಸಾರ್, ಒಂದು ಸೇರಿಸ್ತೀನಿ. ಕೇಬಲ್‌ನವರು, ಪೈಪಿನವರು ರಸ್ತೆ ಅಗೆಯೋಕೆ ರೋಡ್ ಕಟಿಂಗ್ ಚಾರ್ಜ್ ಕಟ್ಟಿರ್ತಾರೆ. ಅಗೆದದ್ದನ್ನ ಮೊದಲಿನ ಹಾಗೆ ಮಾಡೋಕೆ ಅಂತಲೇ ಇರೋ ದುಡ್ಡು ಅದು. ನಮ್ಮ ಅಂಗಡಿ ಮುಂದೆ ಫುಟ್‌ಪಾತ್ ಕಲ್ಲು ಕಿತ್ತವರು ಮಣ್ಣು ಎಳೆದು ಹೋದರು, ನಾಲ್ಕು ತಿಂಗಳಾಯ್ತು. ಹೊಸ ಸೇತುವೆ ಕೇಳೋ ಮೊದಲು ಈ ದುಡ್ಡು ಎಲ್ಲಿಗೆ ಹೋಯ್ತು ಅಂತಾನೂ ಕೇಳಬೇಕು.

ಕ್ಯಾತ್ಸಂದ್ರ:

ಅಕ್ಕ, ನನಗೆ ಪೋಲಿಯೊ, ಕಾಲಿಗೆ ಆಧಾರದ ಕ್ಯಾಲಿಪರ್ ಹಾಕಿ ನಡೆಯೋನು. ದಯವಿಟ್ಟು ಬರೀ ಮೆಟ್ಟಿಲಿನ ಸೇತುವೆ ಕೇಳಬೇಡಿ. ಅದಾದ ಮೇಲೆ ಕೆಳಗೆ ಡಿವೈಡರ್‌ಗೆ ಕಬ್ಬಿಣದ ಬೇಲಿ ಬರುತ್ತೆ, ಆಗ ನನ್ನಂಥೋರಿಗೆ ಇದ್ದ ದಾರಿಯೂ ಮುಚ್ಚಿಹೋಗುತ್ತೆ. ಬೆಂಗಳೂರಿನಲ್ಲಿ ಒಂದು ಕಡೆ ಲಿಫ್ಟ್‌ಗೆ ಬೀಗ ಹಾಕಿದ್ದರು. ಕೂತು ಕೂತು ಮೆಟ್ಟಿಲು ಹತ್ತಿದೆ.

ನಿವೃತ್ತ ಜೆಇ:

ಇವರು ಹೇಳಿದ್ದೇ ಮುಖ್ಯ. ನಾನೇ ಮೊದಲು ಹೇಳಬೇಕಿತ್ತು. ರಸ್ತೆಯಿಂದ ಸೇತುವೆ ತಳಕ್ಕೆ 5.5 ಮೀಟರ್ ಬಿಡಬೇಕು. 15 ಸೆಂಟಿಮೀಟರ್ ಮೆಟ್ಟಿಲು ಅಂದರೆ ಏನಿಲ್ಲ ಅಂದರೂ 37 ಹತ್ತಬೇಕು, 37 ಇಳಿಯಬೇಕು. ಆ ಹಾಲಿನ ಅಜ್ಜ ಹತ್ತುತ್ತಾರಾ? ಲಿಫ್ಟ್ ಇಟ್ಟರೆ ಕರೆಂಟು, ಸರ್ವಿಸ್, ಕಾವಲು ಬೇಕು. ಕಟ್ಟೋಕೆ ಅನುದಾನ ಸಿಗುತ್ತೆ, ನೋಡಿಕೊಳ್ಳೋಕೆ ಯಾವ ಯೋಜನೆಯಲ್ಲೂ ಸಲೀಸಾಗಿ ಸಿಗಲ್ಲ. ಎಲ್ಲಾ ಕಡೆ ಸೋಲೋದು ಅಲ್ಲೇ.

ಅದಕ್ಕೆ ಬದಲು ನೆಲದ ಮೇಲೇ ದಾಟೋ ವ್ಯವಸ್ಥೆ ಕೇಳಿ. ಎತ್ತರಿಸಿದ ಜೀಬ್ರಾ, ಡಿವೈಡರ್ ನಡುವೆ ನಿಲ್ಲೋಕೆ ಜಾಗ, ಒತ್ತುವ ಗುಂಡಿಯ ಸಿಗ್ನಲ್. ಸೇತುವೆಯ ಖರ್ಚಿನಲ್ಲಿ ಸಣ್ಣ ಪಾಲು. ಸಮರ್ಥಿಸೋಕೆ ರಸ್ತೆಗಳ ಮಾನದಂಡ ಬರೆಯೋ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಸೂತ್ರ ಇದೆ. ಜನಸಂದಣಿಯ ಒಂದು ಗಂಟೆಯಲ್ಲಿ ದಾಟೋ ಜನ ಎಷ್ಟು, ವಾಹನ ಎಷ್ಟು ಎಣಿಸಿ. ವಾಹನದ ಸಂಖ್ಯೆಯನ್ನ ಅದರಿಂದಲೇ ಗುಣಿಸಿ, ಬಂದದ್ದನ್ನ ಜನರ ಸಂಖ್ಯೆಯಿಂದ ಗುಣಿಸಿ. ಡಿವೈಡರ್ ಇರೋ ರಸ್ತೆಗೆ 20 ಕೋಟಿ ದಾಟಿದರೆ ಅಲ್ಲಿ ದಾಟೋ ವ್ಯವಸ್ಥೆ ಬೇಕು ಅಂತ ಲೆಕ್ಕ. 300 ಜನ, 1000 ಗಾಡಿ ಅಂದರೇ 30 ಕೋಟಿ ಆಯ್ತು. ಸಹಿಗಳ ಜೊತೆ ಈ ಎಣಿಕೆ ಲಗತ್ತಿಸಿ. ಯಾವ ಎಂಜಿನಿಯರೂ ಅದನ್ನ ಪಕ್ಕಕ್ಕೆ ಇಡೋಕೆ ಆಗಲ್ಲ.

ಬಟವಾಡಿ ಅಮ್ಮ:

ಸಾರ್, ನಿಮ್ಮ ಕಾಲಿಗೆ ಬೀಳಬೇಕು ಅನ್ನಿಸ್ತು. ಕ್ಯಾತ್ಸಂದ್ರದ ತಮ್ಮ, ನಿನ್ನ ಮಾತು ಓದಿ ಅರ್ಜಿಯನ್ನ ಬೇರೆ ಥರ ಬರೆಯೋಣ ಅಂತ ಎಲ್ಲರಿಗೂ ಹೇಳಿದೆ. ಮಾಹಿತಿ ಹಕ್ಕಿನದು ಮಗಳೇ ಬರೆದಳು, 61 ಪದ. ಅಜ್ಜನ ಮನೆಯಲ್ಲಿ ವಿಚಾರಿಸಿದೆ, ದೂರು ಕೊಟ್ಟಿಲ್ಲವಂತೆ. ಈಗ ಕೊಡಬಹುದಾ ಕೇಳೋಕೆ ನಾಳೆ ಅಜ್ಜನ ಮಗನ ಜೊತೆ ಠಾಣೆಗೆ ಹೋಗ್ತಾ ಇದೀವಿ. ಸೋಮವಾರ ಎಂಟರಿಂದ ಒಂಬತ್ತು ಎಣಿಕೆ. ಈ ಕಡೆ ನಾಲ್ಕು ಜನ ಇದೀವಿ, ಆ ಕಡೆ ಗಾಡಿ ಎಣಿಸೋಕೆ ಇನ್ನಿಬ್ಬರು ಬೇಕು. ಬಟವಾಡಿ ಹತ್ತಿರ ಇರೋರು ಯಾರಾದರೂ ಬರ್ತೀರಾ?