ನಲವತ್ತರ ಮೇಲೆ ನರ್ಸಿಂಗ್: ಬೆಳಗಿನ ಆರೂವರೆಯ ಲೆಕ್ಕ ಮೊದಲು ಹಾಕಿ

ನಲವತ್ತು ದಾಟಿದ ಮೇಲೆ ನರ್ಸಿಂಗ್ ಸೇರಬಹುದಾ ಅಂತ ಕೇಳುವವರಿಗೆ ವಯಸ್ಸಿನ ಬಗ್ಗೆ ಎಲ್ಲರೂ ಧೈರ್ಯ ಹೇಳಿದ್ದಾರೆ, ನಾನು ಅದನ್ನು ಬಿಡುತ್ತೇನೆ. ನಮ್ಮ ಕಮ್ಯುನಿಟಿ ಕಾಲೇಜಿನ ಬ್ಯಾಚಿನಲ್ಲಿ ಐವತ್ತು ದಾಟಿದವರೂ ಇದ್ದರು, ಯಾರೂ ವಯಸ್ಸು ಕೇಳುತ್ತಿರಲಿಲ್ಲ. ಇಲ್ಲಿ ಅಮೆರಿಕದಲ್ಲಿ ಮಕ್ಕಳೊಂದಿಗರು ನರ್ಸಿಂಗ್ ಸೇರಿದರೆ ನಿಜವಾದ ಕಷ್ಟ ಶುರುವಾಗುವುದು ಬೆಳಗಿನ ಆರೂವರೆಗೆ. ಕ್ಲಿನಿಕಲ್ (ಆಸ್ಪತ್ರೆಯಲ್ಲಿನ ತರಬೇತಿ) ಇದ್ದ ದಿನ ಏಳಕ್ಕೆ ಮುಂಚೆ ವಾರ್ಡಿನಲ್ಲಿರಬೇಕು. ಸ್ಕೂಲ್ ಬಸ್ ಬರುವುದು ಎಂಟಕ್ಕೆ. ಅಲ್ಲಿವರೆಗೆ ಮಗಳಿಗೆ ಜಡೆ ಹಾಕಿ, ಡಬ್ಬಿ ಕಟ್ಟಿ, ಬಸ್ ಹತ್ತಿಸುವವರು ಯಾರು? ಅಮ್ಮನನ್ನು ಕರೆಸಿಕೊಳ್ಳೋಣ ಅಂದರೆ ವಿಸಿಟರ್ ವೀಸಾದಲ್ಲಿ ಸಾಮಾನ್ಯವಾಗಿ ಆರು ತಿಂಗಳು ಇರಲು ಬಿಡುತ್ತಾರೆ, ಕೋರ್ಸು ಎರಡು ವರ್ಷ. ಯಜಮಾನರು ಬೆಳಗಿನ ಮೀಟಿಂಗ್ ಬಿಡಿಸಿಕೊಳ್ಳುತ್ತಾರಾ ಅಂತ ಮೊದಲು ಕೇಳಿ, ಫೀಸಿನ ಮಾತು ಆಮೇಲೆ.

ಎರಡು ವರ್ಷ ಅನ್ನುವುದೂ ಪೂರ್ತಿ ನಿಜ ಅಲ್ಲ. ಅನಾಟಮಿ ಮತ್ತು ಫಿಸಿಯಾಲಜಿ ಎರಡು ಭಾಗ, ಮೈಕ್ರೋಬಯಾಲಜಿ, ಸ್ಟ್ಯಾಟಿಸ್ಟಿಕ್ಸ್ ಅಂತ ಮುಂಚಿನ ಕೋರ್ಸುಗಳಿಗೇ ಸುಮಾರು ಒಂದು ವರ್ಷ ಹೋಗುತ್ತದೆ. ಮೈಸೂರಿನಲ್ಲಿ ಇಪ್ಪತ್ತು ವರ್ಷದ ಹಿಂದೆ ಬಿ.ಎಸ್ಸಿ. ಮಾಡಿದ್ದೆ ಅಂತ ನೀವು ಹೇಳಿದರೆ ಬಹಳ ಕಡೆ ಒಪ್ಪುವುದಿಲ್ಲ. ಸೈನ್ಸ್ ಕೋರ್ಸು ಐದು ಅಥವಾ ಏಳು ವರ್ಷದೊಳಗಿನದೇ ಆಗಬೇಕು ಅನ್ನುತ್ತಾರೆ.

ಡಿಗ್ರಿ ಇದ್ದವರಿಗೆ 12ರಿಂದ 18 ತಿಂಗಳಲ್ಲಿ ಮುಗಿಸುವ ನರ್ಸಿಂಗ್ ಬ್ಯಾಚುಲರ್ ಡಿಗ್ರಿ, ಅಂದರೆ ಆಕ್ಸಿಲರೇಟೆಡ್ ಬಿಎಸ್‌ಎನ್ ಇದೆ. ಮಕ್ಕಳು ಚಿಕ್ಕವರಿದ್ದರೆ ಅದರ ತಂಟೆ ಬೇಡ ಅಂತ ನನ್ನ ಅಭಿಪ್ರಾಯ. ಫೀಸೂ ಜಾಸ್ತಿ, ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಎರಡು ವರ್ಷದ ಎಡಿಎನ್ (ನರ್ಸಿಂಗ್ ಅಸೋಸಿಯೇಟ್ ಡಿಗ್ರಿ) ಮಾಡಿದವರು ಬರೆಯುವುದೂ ಅದೇ ಲೈಸೆನ್ಸ್ ಪರೀಕ್ಷೆ ಎನ್‌ಕ್ಲೆಕ್ಸ್-ಆರ್‌ಎನ್, ಸಿಗುವುದೂ ಅದೇ ಲೈಸೆನ್ಸ್. ದೊಡ್ಡ ಆಸ್ಪತ್ರೆಗಳು ಬಿಎಸ್‌ಎನ್ ಕೇಳುತ್ತವೆ, ನಿಜ. ಕೆಲಸ ಮಾಡುತ್ತಲೇ ಆನ್‌ಲೈನಿನಲ್ಲಿ ಅದನ್ನು ಮುಗಿಸಬಹುದು, ಎಷ್ಟೋ ಆಸ್ಪತ್ರೆಗಳು ಫೀಸಿನಲ್ಲಿ ಪಾಲು ಕೊಡುತ್ತವೆ. ಪರೀಕ್ಷೆಗೆ ಹೆದರಬೇಡಿ. 2023ರ ಏಪ್ರಿಲ್‌ನಿಂದ ಕಡಿಮೆ ಅಂದರೆ 85 ಪ್ರಶ್ನೆ, ಹೆಚ್ಚೆಂದರೆ 150. ನಿಮ್ಮ ಮಟ್ಟ ಗೊತ್ತಾದ ತಕ್ಷಣ ಕಂಪ್ಯೂಟರೇ ನಿಲ್ಲಿಸಿಬಿಡುತ್ತದೆ.

ಎಚ್4 (ಎಚ್-1ಬಿ ಕೆಲಸದ ವೀಸಾದವರ ಸಂಗಾತಿಯ ವೀಸಾ) ಇರುವವರು ಗಮನಿಸಿ: ಓದಲು ಅಡ್ಡಿ ಇಲ್ಲ, ಇಎಡಿ (ಕೆಲಸದ ಪರವಾನಗಿ) ಇಲ್ಲದೆ ಸಂಬಳದ ಕೆಲಸ ಮಾಡುವ ಹಾಗಿಲ್ಲ. ಅದು ಸಿಗಲು ಗಂಡನ ಐ-140 (ಗ್ರೀನ್ ಕಾರ್ಡಿಗೆ ಕಂಪನಿ ಹಾಕುವ ಅರ್ಜಿ) ಎಲ್ಲಿಗೆ ಬಂದಿದೆ ಅನ್ನುವುದು ಮುಖ್ಯ, ನೋಡಿಕೊಂಡೇ ಸೇರಿ.

ಇನ್ನು "ಎಂಜಿನಿಯರಿಂಗ್ ಓದಿ ಬೆಡ್‌ಪ್ಯಾನ್ ತೆಗೆಯೋದಾ" ಅನ್ನುವವರು. ನನ್ನ ಅತ್ತೆಯೂ ಅಂದರು. ತೆಗೆಯಬೇಕು, ಅದರಲ್ಲಿ ಮುಚ್ಚುಮರೆ ಏನಿದೆ? ಆದರೆ ಅಲ್ಲಿಗೇ ಕೆಲಸ ಮುಗಿಯುವುದಿಲ್ಲ. ಮಾತ್ರೆ ಕೊಡುವ ಮುಂಚೆ ಪ್ರತಿ ಸಲ ರೋಗಿಯ ಹೆಸರು, ಹುಟ್ಟಿದ ತಾರೀಖು ಕೇಳಿ ಕೈಪಟ್ಟಿಯ ಜೊತೆ ತಾಳೆ ನೋಡಬೇಕು. ಒಮ್ಮೆ ನಮ್ಮ ಕಡೆಯ ಒಬ್ಬ ಅಜ್ಜಿ ಅಡ್ಮಿಟ್ ಆಗಿದ್ದರು. ಮಗ ಇಂಗ್ಲಿಷಿನಲ್ಲಿ ತಾರೀಖು ಬಾಯಿಪಾಠ ಮಾಡಿಸಿ ಹೋಗಿದ್ದ. ಅವನು ಅತ್ತ ಹೋದದ್ದೇ ಅಜ್ಜಿ ಮರೆತರು. ನನ್ನ ಸಹೋದ್ಯೋಗಿಗೆ ಇವರು ಗಲಿಬಿಲಿಗೊಂಡಿದ್ದಾರೆ ಅಂತ ಅನುಮಾನ. ನಾನು ಕನ್ನಡದಲ್ಲಿ ಕೇಳಿದೆ. "ಪಾಸ್‌ಪೋರ್ಟಿನದು ಬೇಕಾ, ನಿಜದ್ದು ಬೇಕಾ? ನಿಜದ್ದು ನಾಗರಪಂಚಮಿ ಮಾರನೇ ದಿನ" ಅಂದರು. ತಲೆ ನಮ್ಮೆಲ್ಲರಿಗಿಂತ ಸರಿಯಾಗಿತ್ತು! ಸಹಿ ಹಾಕಿಸುವಂಥ ವಿಷಯಕ್ಕೆ ಇಂಟರ್‌ಪ್ರಿಟರೇ ಬೇಕು, ನಾನು ತರ್ಜುಮೆ ಮಾಡುವ ಹಾಗಿಲ್ಲ. ಆದರೆ ಇಷ್ಟು ಮಾಡಬಹುದು ಅಲ್ವಾ?

ಕೆಲಸ ಸಿಕ್ಕ ಮೇಲೆ ವಾರಕ್ಕೆ ಹನ್ನೆರಡು ಗಂಟೆಯ ಮೂರು ಪಾಳಿ. ಹೊಸಬರಿಗೆ ಹೆಚ್ಚಾಗಿ ಸಿಗುವುದು ರಾತ್ರಿಯದೇ. ಉಳಿದ ದಿನ ಮಕ್ಕಳು ಸ್ಕೂಲಿಂದ ಬರುವಾಗ ಮನೆಯಲ್ಲಿರಬಹುದು. ಐಟಿಯಲ್ಲಿದ್ದಾಗ ನನಗೆ ಇದು ಸಿಕ್ಕಿರಲಿಲ್ಲ. ಸೊಂಟ ಮಾತ್ರ ನೋಡಿಕೊಳ್ಳಿ. ರೋಗಿಯನ್ನು ಹೊರಳಿಸುವಾಗ ಇನ್ನೊಬ್ಬರನ್ನು ಕರೆಯದೆ ಕೈ ಹಾಕಬೇಡಿ.

ನಿಮ್ಮ ರಾಜ್ಯ ಯಾವುದು, ಮಕ್ಕಳಿಗೆ ಎಷ್ಟು ವಯಸ್ಸು ಅಂತ ಬರೆಯಿರಿ. ಒಪ್ಪಿಗೆ ಇರುವ ಕಾಲೇಜುಗಳ ಪಟ್ಟಿ ರಾಜ್ಯದ ನರ್ಸಿಂಗ್ ಬೋರ್ಡಿನ ಸೈಟಿನಲ್ಲಿರುತ್ತದೆ, ಬಹಳ ಕಡೆ ಎನ್‌ಕ್ಲೆಕ್ಸ್‌ನಲ್ಲಿ ಎಷ್ಟು ಜನ ಪಾಸಾದರು ಅನ್ನುವುದೂ ಇರುತ್ತದೆ. ಅದನ್ನು ನೋಡದೆ ಯಾವ ಪ್ರೈವೇಟ್ ಕಾಲೇಜಿಗೂ ಅಡ್ವಾನ್ಸ್ ಕಟ್ಟಬೇಡಿ.