ಐಸಿಎಚ್ ಸ್ಕೋರ್ 3: ಮನೆಯವರಿಗೆ ಏನು ಹೇಳಬೇಕು?

ಪ್ರಶ್ನೆ (ಯಾದಗಿರಿ):
68 ವರ್ಷ, ಬಿಪಿ ಹೆಚ್ಚಾಗಿ ಮಿದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾದಾಗ ರಕ್ತಸ್ರಾವ, ವೆಂಟ್ರಿಕಲ್‌ಗೂ (ಮಿದುಳಿನೊಳಗಿನ ದ್ರವದ ಕೋಣೆ) ಇಳಿದದ. ಜಿಸಿಎಸ್ (ಎಚ್ಚರದ ಮಟ್ಟದ ಅಂಕ, ಪೂರ್ತಿ ಎಚ್ಚರ ಇದ್ದರ 15) 9. ಸಿಟಿಯಲ್ಲಿ ರಕ್ತದ ಗಡ್ಡೆ 5 × 4 ಸೆಂ.ಮೀ., 5 ಮಿ.ಮೀ.ನ 10 ಸ್ಲೈಸ್‌ದಾಗ ಕಾಣ್ತದ. ಐಸಿಎಚ್ ಸ್ಕೋರ್ (ಮಿದುಳಿನ ರಕ್ತಸ್ರಾವ ಎಷ್ಟು ಗಂಭೀರ ಅಂತ ಅಳೆಯೋ ಅಂಕ, ಹೆಚ್ಚಾದಷ್ಟು ಗಂಭೀರ) 3 ಬರ್ತದ. ‘ಕಲಬುರಗಿಗೆ ಒಯ್ದರ ಉಪಯೋಗ ಅದನಾ?’ ಅಂತ ಮನೆಯವರು ಕೇಳಲತ್ತಾರ.

ಉತ್ತರ 1 (ಕಲಬುರಗಿ):
ಮೊದಲು ಗಡ್ಡೆಯ ವಾಲ್ಯೂಮ್ ನೋಡ್ರಿ. ಅಂಚಿನ ಸ್ಲೈಸ್ ಪೂರ್ತಿ ಎಣಿಸಬ್ಯಾಡ್ರಿ. ಅತಿ ದೊಡ್ಡ ಸ್ಲೈಸಿನ ವಿಸ್ತೀರ್ಣದ ಶೇ. 25ರಿಂದ 75 ಇದ್ದರ ಅರ್ಧ, ಅದಕ್ಕೂ ಕಡಿಮೆ ಇದ್ದರ ಸೊನ್ನೆ. ಅಂಥವು ಎರಡು ಅರ್ಧ ಅಂದರ 9 ಸ್ಲೈಸ್, 4.5 ಸೆಂ.ಮೀ. 5 × 4 × 4.5 ÷ 2 = 45 ಎಂಎಲ್. 30 ಎಂಎಲ್ ದಾಟಿದ್ದಕ್ಕ 1 ಅಂಕ, ಜಿಸಿಎಸ್ 5–12ಕ್ಕ 1, ವೆಂಟ್ರಿಕಲ್‌ಗೆ 1. ಹೌದು, 3. ಹೆಂಪ್‌ಹಿಲ್ ಅವರು ಈ ಸ್ಕೋರ್ ಕಟ್ಟಿದ 2001ರ ಅಧ್ಯಯನದಾಗ ಇದಕ್ಕ 30 ದಿನದ ಸಾವು ಶೇ. 72.

ಉತ್ತರ 2 (ಬೀದರ್):
ಆ 72 ಅನ್ನು ಮನೆಯವರ ಮುಂದೆ ತೀರ್ಪಿನಂತೆ ಇಡಬೇಡಿ, ದಯವಿಟ್ಟು. ‘ಬದುಕೋದಿಲ್ಲ’ ಅಂತ ಚಿಕಿತ್ಸೆ ಬೇಗ ಕೈಬಿಟ್ಟರೆ ಅಂಕಿ ತಾನೇ ನಿಜವಾಗುತ್ತದೆ. 2022ರ ಅಮೆರಿಕನ್ ಮಾರ್ಗಸೂಚಿಯೂ ಚಿಕಿತ್ಸೆ ಮಿತಿಗೊಳಿಸುವ ನಿರ್ಧಾರವನ್ನು ಕನಿಷ್ಠ ಎರಡನೇ ಪೂರ್ಣ ದಿನದವರೆಗೆ ಮುಂದೂಡಲು ಹೇಳುತ್ತದೆ. ಹೈಡ್ರೊಸೆಫಲಸ್ (ವೆಂಟ್ರಿಕಲ್ಲಿನಲ್ಲಿ ದ್ರವ ತುಂಬಿಕೊಳ್ಳುವುದು) ಇದ್ದರೆ ಇವಿಡಿ (ಆ ದ್ರವ ಹೊರತೆಗೆಯುವ ಕೊಳವೆ) ಹಾಕಿದ ಮೇಲೆ ಜಿಸಿಎಸ್ ಏರಬಹುದು. ನ್ಯೂರೋಸರ್ಜನ್ ಇರುವಲ್ಲಿಗೆ ಕಳಿಸಿ. ಉಸಿರಾಟದ ಟ್ಯೂಬ್ ಹಾಕುವುದಿದ್ದರೆ ಮಿಡಜೋಲಾಮ್ (ಮಂಪರು ಬರಿಸುವ ಔಷಧ) ಕೊಡುವ ಮೊದಲಿನ ಜಿಸಿಎಸ್ ಅನ್ನು ಸಮಯದ ಸಮೇತ ರೆಫರಲ್ ಚೀಟಿಯಲ್ಲಿ ಬರೆಯಿರಿ. ಇಲ್ಲದಿದ್ದರೆ ಅಲ್ಲಿ 3ಟಿ (ಟ್ಯೂಬ್ ಇರುವಾಗಿನ ಅತಿ ಕಡಿಮೆ ಜಿಸಿಎಸ್) ಎಂದು ಹಿಡಿದು ಸ್ಕೋರ್ 4 ಮಾಡುತ್ತಾರೆ. ದಾರಿಯಲ್ಲಿ ಮೇಲಿನ ಬಿಪಿ 130ಕ್ಕಿಂತ ಕೆಳಗೆ ಇಳಿಯಬಾರದು.