ಎರಡೂ ಕಾಲರ್ ಮೈಕ್ ಆನ್ ಇದ್ದರೆ ಪುರೋಹಿತರ ದನಿ ಮಾತ್ರ ತೆಳ್ಳಗೆ ಬರ್ತಿದೆ, ಅರ್ಜೆಂಟ್

ಫೋಕಸ್_ಹೋಯ್ತು:
ತಲೆ ಕೆಟ್ಟು ಹೋಗಿದೆ. ಮದುವೆ ಸೀಸನ್ ಮಧ್ಯೆ ಹೊಸ ಡ್ಯುಯಲ್ ಚಾನೆಲ್ ವೈರ್‌ಲೆಸ್ ಮೈಕ್ ಸೆಟ್ ತಗೊಂಡೆ. ಒಂದು ರಿಸೀವರ್, ಎರಡು ಟ್ರಾನ್ಸ್‌ಮಿಟರ್, 2.4 ಗಿಗಾಹರ್ಟ್ಸ್. ಗಂಡಿಗೊಂದು, ಹೆಣ್ಣಿಗೊಂದು ಸಿಕ್ಕಿಸಿದ್ದೆ. ಗಂಡು ಮಾತಾಡಿದರೆ ಸರಿ, ಹೆಣ್ಣು ಮಾತಾಡಿದರೂ ಸರಿ. ಧಾರೆ ಹೊತ್ತಲ್ಲಿ ಇಬ್ಬರೂ ಒತ್ತಾಗಿ ನಿಂತಿರ್ತಾರೆ, ಪುರೋಹಿತರು ಎದುರಲ್ಲೇ ಮಂತ್ರ ಹೇಳ್ತಾರಲ್ಲ, ಆ ದನಿ ತಗಡಿನ ಡಬ್ಬದೊಳಗಿಂದ ಬಂದ ಹಾಗಿದೆ. ಒಂದು ಟ್ರಾನ್ಸ್‌ಮಿಟರ್ ಮ್ಯೂಟ್ ಮಾಡಿದ ಕೂಡಲೇ ದನಿ ತುಂಬಿಕೊಳ್ಳುತ್ತೆ. ಬ್ಯಾಟರಿ ಫುಲ್. ಫರ್ಮ್‌ವೇರ್ ಹೊಸದು. ಪೇರಿಂಗ್ ಮತ್ತೆ ಮಾಡಿದ್ದಾಯ್ತು. ಭಾನುವಾರ ಇನ್ನೊಂದು ಮದುವೆ ಇದೆ, ಪಾರ್ಟಿ ಬೇರೆ ಜೋರು. ಯಾರಾದ್ರೂ ಹೇಳಿ.

ವೈಫೈ_ವೈರಿ:
2.4 ಅಂದ ಮೇಲೆ ಇನ್ನೇನು, ವೈಫೈ ಕಾಟ. ವೈಫೈ, ಬ್ಲೂಟೂತ್, ಅಡುಗೆಮನೆಯ ಮೈಕ್ರೋವೇವ್ ಎಲ್ಲ ಇರೋದು ಅದೇ ಬ್ಯಾಂಡಿನಲ್ಲಿ. ಛತ್ರದ ತುಂಬ ಜನ, ಎಲ್ಲರ ಜೇಬಲ್ಲೂ ಫೋನು. ರಿಸೀವರನ್ನು ಕ್ಯಾಮೆರಾ ಹಿಂದೆ ನೇತು ಹಾಕಬೇಡಿ, ಎತ್ತರದಲ್ಲಿ ಇಡಿ. ಮಧ್ಯೆ ಜನ ಅಡ್ಡ ಬಂದರೂ ಸಿಗ್ನಲ್ ಬೀಳುತ್ತೆ.

ಫೋಕಸ್_ಹೋಯ್ತು:
ಮನೇಲೂ ಹಾಗೇ ಸರ್. ಎರಡೂ ಮೈಕ್ ಟೇಬಲ್ ಮೇಲೆ ಅಕ್ಕಪಕ್ಕ ಇಟ್ಟು ಮಾತಾಡಿದರೆ ಅದೇ ತೆಳು ದನಿ.

ವೈಫೈ_ವೈರಿ:
ಮನೇಲೂ ರೂಟರ್ ಇರುತ್ತಲ್ಲ. ಆಫ್ ಮಾಡಿ ನೋಡಿ.

ಫೋಕಸ್_ಹೋಯ್ತು:
ಮಾಡಿದೆ. ಏನೂ ವ್ಯತ್ಯಾಸ ಇಲ್ಲ.

ವೈಫೈ_ವೈರಿ:
ಪಕ್ಕದ ಮನೆಯದ್ದು?

ಯುಎಚ್‌ಎಫ್_ಮಾವ:
ಅದಕ್ಕೇ ನಾನು 2.4 ಮುಟ್ಟಲ್ಲ. ನನ್ನ ಹತ್ರ ಇರೋದು ಯುಎಚ್‌ಎಫ್ ಬ್ಯಾಂಡಿನ ವೈರ್‌ಲೆಸ್ ಮೈಕು, ಸೋನಿ ಯುಡಬ್ಲ್ಯೂಪಿ-ಡಿ ಎರಡು ಸೆಟ್. ಸ್ಟೇಜಿನಿಂದ ಊಟದ ಹಾಲ್‌ವರೆಗೂ ಕಡಿತ ಇಲ್ಲದೆ ಬರುತ್ತೆ. ಜೊತೆಗೆ ಬೂಮ್ ಪೋಲು, ಬೇರೆ ರೆಕಾರ್ಡರು, ಎಲ್ಲಕ್ಕೂ ಒಂದೇ ಬ್ಯಾಗು. ಮಂಟಪದಲ್ಲಿ ಜನ ನನ್ನ ಕಿಟ್ ನೋಡಿಯೇ ಜಾಗ ಬಿಡ್ತಾರೆ. ಇನ್ನೊಂದು ವಿಷಯ, ಹೆಣ್ಣಿನ ಸೀರೆಯ ಜರಿ ಚೆಕ್ ಮಾಡಿ. ಲೋಹ ಅಲ್ವಾ.

ರಾ_ಫೂಟೇಜ್:
ಮಾವ, ಟೇಬಲ್ ಮೇಲಿಟ್ಟ ಮೈಕಿಗೆ ಯಾವ ಸೀರೆ ಉಡಿಸೋಣ? ಅಂದ ಹಾಗೆ 2.4 ಬ್ಯಾಂಡಿಗೆ ನಮ್ಮ ದೇಶದಲ್ಲಿ ಲೈಸೆನ್ಸ್ ಬೇಡ. ನಿಮ್ಮ ಯುಎಚ್‌ಎಫ್ ಸೆಟ್ಟಿಗೆ ಇದೆಯಾ?

ಯುಎಚ್‌ಎಫ್_ಮಾವ:
ಮದುವೆ ಮನೇಲಿ ಯಾರೂ ಲೈಸೆನ್ಸ್ ಕೇಳಲ್ಲ ತಮ್ಮಾ. ಸುಮ್ನೆ ವಿಷಯ ತಿರುಗಿಸಬೇಡ.

ರಾ_ಫೂಟೇಜ್:
ತಿರುಗಿಸಿದ್ದು ಯಾರು?

ಗೇನ್_ಗೌಡ:
ಇದು ಕೋಂಬ್ ಫಿಲ್ಟರಿಂಗ್. ಒಂದೇ ದನಿ ಎರಡು ಮೈಕಿಗೆ ಹಿಂದೆಮುಂದೆ ತಲುಪಿ, ಆ ಎರಡೂ ಒಂದರಲ್ಲಿ ಕೂಡಿದರೆ ಕೆಲವು ಸ್ವರ ಅಳಿಸಿ ಹಾಗಾಗುತ್ತೆ. 3:1 ನಿಯಮ ನೋಡಿ. ಬಾಯಿಗೂ ಮೈಕಿಗೂ ಎಷ್ಟು ದೂರವೋ ಅದರ ಮೂರು ಪಟ್ಟು ದೂರದಲ್ಲಿ ಎರಡನೇ ಮೈಕ್ ಇರಬೇಕು.

ಫೋಕಸ್_ಹೋಯ್ತು:
ಗಂಡು ಹೆಣ್ಣನ್ನ ದೂರ ದೂರ ನಿಲ್ಲಿಸಿ ಧಾರೆ ಮಾಡಿಸೋಕಾಗುತ್ತಾ ಸರ್?

ತಂತಿ_ಮಾಸ್ತರ:
ಯಾವ ಕ್ಯಾಮೆರಾ, ಯಾವ ಕೇಬಲ್ ಅಂತ ಒಬ್ಬರೂ ಕೇಳಿಲ್ಲ. ಡಿಜಿಟಲ್ ಸೆಟ್ಟಲ್ಲಿ ಸಿಗ್ನಲ್ ಬಿದ್ದರೆ ಮಾತು ತುಂಡು ತುಂಡಾಗುತ್ತೆ, ತೆಳ್ಳಗಾಗಲ್ಲ. ವೈಫೈ ಬಿಡಿ. ರಿಸೀವರಿನಿಂದ ಕ್ಯಾಮೆರಾಗೆ ಹೇಗೆ ಕೊಟ್ಟಿದ್ದೀರಿ?

ಫೋಕಸ್_ಹೋಯ್ತು:
ಮಾಮೂಲಿ ಕೇಬಲ್ಲೇ ಸರ್. ಕ್ಯಾಮೆರಾ ಸೋನಿ ಎನ್‌ಎಕ್ಸ್100. ರಿಸೀವರ್ ಕಡೆ 3.5 ಎಂಎಂ ಪಿನ್, ಕ್ಯಾಮೆರಾ ಕಡೆ ಒಂದು ಎಕ್ಸ್‌ಎಲ್‌ಆರ್, ಅದೇ ಮೂರು ಪಿನ್ನಿನ ದುಂಡು ಕನೆಕ್ಟರ್. ಇನ್‌ಪುಟ್ 1ಕ್ಕೆ ಹಾಕಿ ಎರಡೂ ಚಾನೆಲ್‌ಗೆ ಅದನ್ನೇ ಕೊಟ್ಟಿದ್ದೇನೆ. ಅಂಗಡಿಯವರು ಇದೇ ಸಾಕು ಅಂದ್ರು.

ತಂತಿ_ಮಾಸ್ತರ:
ಸಿಕ್ತು. ನಿಮ್ಮ ರಿಸೀವರ್ ಕೊಡೋದು ಸ್ಟೀರಿಯೋ. ಪಿನ್ನಿನ ತುದಿಯಲ್ಲಿ ಒಂದು ಮೈಕ್, ನಡುವಿನ ರಿಂಗಿನಲ್ಲಿ ಇನ್ನೊಂದು. ಎಕ್ಸ್‌ಎಲ್‌ಆರ್ ಇನ್‌ಪುಟ್ ಬ್ಯಾಲೆನ್ಸ್ಡ್. ಅದು 2ನೇ ಪಿನ್ನಿನಲ್ಲಿ ಬಂದದ್ದರಿಂದ 3ನೇ ಪಿನ್ನಿನಲ್ಲಿ ಬಂದದ್ದನ್ನು ಕಳೆಯುತ್ತೆ. ಅಂದ್ರೆ ನೀವು ರೆಕಾರ್ಡ್ ಮಾಡ್ತಿರೋದು ಗಂಡಿನ ಮೈಕ್ ಮೈನಸ್ ಹೆಣ್ಣಿನ ಮೈಕ್. ಒಬ್ಬರ ದನಿ ಒಂದೇ ಮೈಕಲ್ಲಿ ಜೋರಾಗಿದ್ದರೆ ಗೊತ್ತಾಗಲ್ಲ. ಪುರೋಹಿತರ ದನಿ ಎರಡಕ್ಕೂ ಹೆಚ್ಚುಕಡಿಮೆ ಸಮನಾಗಿ ಬೀಳುತ್ತೆ, ಒಂದನ್ನೊಂದು ತಿಂದು ಹಾಕುತ್ತೆ. ದಪ್ಪ ಸ್ವರವೇ ಮೊದಲು ಹೋಗೋದು. ಅದಕ್ಕೇ ಡಬ್ಬದ ಸದ್ದು.

ನಂಬಿಕೆ ಬರದಿದ್ದರೆ ರಿಸೀವರನ್ನು ಮೋನೋ ಮೋಡಿಗೆ ಹಾಕಿ ಮಾತಾಡಿ. ಎರಡೂ ಕಡೆ ಒಂದೇ ಸಿಗ್ನಲ್ ಬರುತ್ತೆ. ಕೇಬಲ್ಲೇ ತಪ್ಪಾಗಿದ್ದರೆ ದನಿ ಪೂರ್ತಿ ಮಾಯ.

ಗೇನ್_ಗೌಡ:
ನಾನು ಹೇಳಿದ್ದೂ ಅದೇ. ಎರಡು ಮೈಕಿನ ಜಗಳ.

ತಂತಿ_ಮಾಸ್ತರ:
ಅದೇ ಅಲ್ಲ ಗೌಡ್ರೇ. ನೀವು ಹೇಳಿದ್ದು ಕೂಡಿದಾಗ ಆಗೋದು, ಇದು ಕಳೆದಾಗ ಆಗೋದು.

ಫೋಕಸ್_ಹೋಯ್ತು:
ಮೋನೋಗೆ ಹಾಕಿದೆ. ಬಾಯಿ ಹತ್ತಿರ ಹಿಡಿದು ಕೂಗಿದರೂ ಮೀಟರ್ ಏಳ್ತಿಲ್ಲ, ಬರೀ ಸಣ್ಣ ಹಿಸ್. ಈಗೇನು ಮಾಡ್ಲಿ? ಶೂಟ್ ಮಾಡಿದ ಧಾರೆ ಸರಿ ಮಾಡೋಕೆ ಪ್ಲಗಿನ್ ಏನಾದ್ರೂ ಇದೆಯಾ?

ತಂತಿ_ಮಾಸ್ತರ:
ಕಳೆದುಹೋದದ್ದು ಯಾವ ಪ್ಲಗಿನ್ನಿಗೂ ಸಿಗಲ್ಲ. ಟ್ರಾನ್ಸ್‌ಮಿಟರ್ ಒಳಗೇ ರೆಕಾರ್ಡ್ ಆಗೋ ಮಾಡೆಲ್ ಆಗಿದ್ದು, ಅದು ಆನ್ ಇದ್ದಿದ್ದರೆ ಅಲ್ಲಿಂದ ತೆಗೀಬಹುದು. ಇಲ್ಲದಿದ್ದರೆ ಆ ಜಾಗಕ್ಕೆ ವಾಲಗ ಜೋರು ಮಾಡಿ.

ಭಾನುವಾರಕ್ಕೆ: 3.5 ಸ್ಟೀರಿಯೋದಿಂದ ಎರಡು ಎಕ್ಸ್‌ಎಲ್‌ಆರ್‌ಗೆ ಒಡೆಯೋ ಕೇಬಲ್ ಬೇಕು. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಪಿನ್ನು, ವೈರು ತಂದು ನೀವೇ ಸೋಲ್ಡರ್ ಮಾಡಬಹುದು. ತುದಿಯಿಂದ ಒಂದು ಎಕ್ಸ್‌ಎಲ್‌ಆರ್‌ನ 2ನೇ ಪಿನ್ನಿಗೆ, ರಿಂಗಿನಿಂದ ಇನ್ನೊಂದರ 2ನೇ ಪಿನ್ನಿಗೆ. ಬುಡದ ಗ್ರೌಂಡ್ ಎರಡರ 1ನೇ ಪಿನ್ನಿಗೂ. ಎರಡರಲ್ಲೂ 3ನ್ನು 1ಕ್ಕೆ ಸೇರಿಸಿ. ಕ್ಯಾಮೆರಾದಲ್ಲಿ ಇನ್‌ಪುಟ್ 1 ಒಂದನೇ ಚಾನೆಲ್‌ಗೆ, 2 ಎರಡಕ್ಕೆ. ಕ್ಯಾಮೆರಾದ ಇನ್‌ಪುಟ್ ಸ್ವಿಚ್ 'ಮೈಕ್' ಅನ್ನೋ ಕಡೆ ಇರಲಿ, ಕ್ಯಾಮೆರಾ ಮೈಕಿಗೆ ಕೊಡೋ 48 ವೋಲ್ಟ್ ಆಫ್. ಈ ಕೇಬಲ್ಲಲ್ಲಿ ಆ ವೋಲ್ಟೇಜ್ ನೇರ ರಿಸೀವರಿಗೆ ಹೋಗುತ್ತೆ. ರಿಸೀವರ್ ಸ್ಟೀರಿಯೋ ಮೋಡಿನಲ್ಲೇ ಇರಲಿ. ಎಡಿಟಲ್ಲಿ ಎರಡು ಟ್ರ್ಯಾಕ್ ಬೇರೆ ಬೇರೆ ಸಿಗುತ್ತೆ, ಮಂತ್ರದ ಕಡೆ ಒಂದನ್ನೇ ಇಟ್ಕೊಳ್ಳಿ. ಗೌಡ್ರ ಕೋಂಬ್ ಫಿಲ್ಟರೂ ಆಗ ಬರಲ್ಲ.

ಯುಎಚ್‌ಎಫ್_ಮಾವ:
ಸೋಲ್ಡರ್ ಗೀಲ್ಡರ್ ಯಾಕೆ? ನನ್ನ ಒಂದು ಸೆಟ್ ಮಾರೋಕಿದೆ, ಬಾಕ್ಸ್ ಸಮೇತ. ಮೆಸೇಜ್ ಮಾಡಿ.

ವೈಫೈ_ವೈರಿ:
ಕೇಬಲ್ ಸರಿ ಮಾಡಿದ ಮೇಲೂ ಛತ್ರದ ರೂಟರ್ ಆಫ್ ಮಾಡಿಸಿ.

ರೀಲ್ಸ್_ರಾಜಿ:
ನಂದೂ ಎರಡು ಮೈಕಿನ ಸೆಟ್ಟೇ, ಆದ್ರೆ ಮೊಬೈಲಿಗೆ ಹಾಕಿದ್ರೆ ಫೋನಿನ ಮೈಕೇ ರೆಕಾರ್ಡ್ ಆಗುತ್ತೆ. ಇದೂ ಮೈನಸ್ ಸಮಸ್ಯೆನಾ?

ತಂತಿ_ಮಾಸ್ತರ:
ಅಲ್ಲಮ್ಮ. ಪಿನ್ನಿನ ಮೇಲೆ ಕಪ್ಪು ಗೆರೆ ಎಷ್ಟಿದೆ ನೋಡಿ. ಎರಡಿದ್ದರೆ ಟಿಆರ್‌ಎಸ್, ಅದು ಕ್ಯಾಮೆರಾಗೆ. ಫೋನಿನ ಹೆಡ್‌ಫೋನ್ ಜಾಕಿಗೆ ಮೂರು ಗೆರೆಯ ಟಿಆರ್‌ಆರ್‌ಎಸ್ ಬೇಕು. ಆ ಜಾಕಿನ ಮೈಕ್ ಇನ್‌ಪುಟ್ ಮೋನೋ, ಹಾಗಾಗಿ ರಿಸೀವರನ್ನೂ ಮೋನೋಗೆ ಹಾಕಿ.

ರೀಲ್ಸ್_ರಾಜಿ:
ನನ್ನ ಫೋನಲ್ಲಿ ಜಾಕೇ ಇಲ್ಲ, ಟೈಪ್ ಸಿ ಕನ್ವರ್ಟರ್ ಹಾಕಿದೀನಿ.

ತಂತಿ_ಮಾಸ್ತರ:
ಯಾವ ಕನ್ವರ್ಟರ್? ಹಾಡು ಕೇಳೋಕೆ ಮಾತ್ರ ಇರೋದೂ ಬರುತ್ತೆ, ಅದರಲ್ಲಿ ಮೈಕ್ ಇನ್‌ಪುಟ್ ಇರಲ್ಲ. ಫೋಟೋ ಹಾಕಿ.